ಹನ್ನೊಂದನೇ ಸಾಲಿನ ಆಳ

ದೋಣಿ ಹತ್ತುವ ಮುಂಚೆ ನಿಜಗುಣಪ್ಪ ಮೂರನೆಯ ಸಲ ಜಾಲಿ ಕಂಟಿಯ ಮರೆಗೆ ಹೋಗಿ ಬಂದ. ಎರಡನೆಯ ಸಲಕ್ಕೇ ಒಳಗೆ ಏನೂ ಉಳಿದಿರಲಿಲ್ಲ. ಆದರೂ ಹೋದ, ಹೋಗಿ, ನಿಂತು, ಒಂದರಿಂದ ಐವತ್ತರವರೆಗೆ ಎಣಿಸಿ, ಪ್ಯಾಂಟಿನ ಮುಂಭಾಗವನ್ನು ಎರಡೆರಡು ಸಲ ನೋಡಿಕೊಂಡು ಬಂದ. ಬೆಳಗಿನಿಂದ ಒಂದು ಗುಟುಕು ಚಹಾ ಕೂಡ ಕುಡಿದಿರಲಿಲ್ಲ. ಹೆಂಡತಿ ಸುಂದರವ್ವ ತಂದಿಟ್ಟ ಕಪ್ಪನ್ನು ಅವಳು ಅತ್ತ ತಿರುಗಿದ ಕೂಡಲೇ ಬಚ್ಚಲಿಗೆ ಸುರಿದು, ಕುಡಿದವನ ಹಾಗೆ ಬಾಯಿ ಒರೆಸಿಕೊಂಡಿದ್ದ. ಮೂವತ್ತು ವರ್ಷ ಜೊತೆಗೆ ಬಾಳಿದ ಹೆಂಗಸಿನ ಕಣ್ಣಿಗೆ ಮಣ್ಣೆರಚುವುದು ಅಷ್ಟು ಸುಲಭವೇ? "ಮೈಯಾಗ ಆರಾಮಿಲ್ಲಂದ್ರ ರಜಾ ಹಾಕ್ರಿ. ಇನ್ನ ಐದ ತಿಂಗಳಿಗೆ ರಿಟೈರ್ ಆಗಾವ್ರು, ನೀರಾಗ ಹೋಗಿ ಏನ ಕಡದ ಹಾಕೂದೈತಿ?" ಎಂದಳು. ರಜೆ ಹಾಕಿಯೂ ನೋಡಿದ್ದ. ಬೈಲಹೊಂಗಲದ ಕಚೇರಿಯಲ್ಲಿ ಹೆಡ್ ಕ್ಲಾರ್ಕು ಅರ್ಜಿಯನ್ನು ಓದದೆಯೇ ಮೇಜಿನ ಮೇಲೆ ವಾಪಸ್ಸು ಸರಿಸಿ, "ತೊಂಬತ್ತೊಂದರಾಗ ಡ್ಯಾಮಿನ ಆಳ ಅಳದಾವ್ರೊಳಗ ಈಗ ನೀವೊಬ್ಬರ ಉಳದೀರಿ. ಸಾಲಿನ ಕಲ್ಲು ಎಲ್ಲೆಲ್ಲಿ ಅದಾವಂತ ನಿಮಗ ಬಿಟ್ರ ಯಾರಿಗೆ ಗೊತ್ತ?" ಎಂದು ನಕ್ಕಿದ್ದ. ಆ ನಗೆಯೊಳಗೆ ಏನಾದರೂ ಇತ್ತೇ ಎಂದು ನಿಜಗುಣಪ್ಪ ಎರಡು ದಿನ ತಲೆ ಕೆಡಿಸಿಕೊಂಡ. ಏನೂ ಇರಲಿಲ್ಲ. ಹೆಡ್ ಕ್ಲಾರ್ಕು ಎಲ್ಲದಕ್ಕೂ ನಗುವ ಮನುಷ್ಯ.

ದಂಡೆಯಲ್ಲಿ ಪುಣೆಯ ಕಂಪನಿಯಿಂದ ಬಂದ ಹುಡುಗಿ ಯಂತ್ರ ಜೋಡಿಸುತ್ತಿದ್ದಳು. ಸಪ್ನಾ ಅವಳ ಹೆಸರು. ಪುಣೆಯವಳೆಂದರೂ ಹುಟ್ಟಿದ್ದು ಇಲ್ಲೇ ಸಂಪಗಾಂವದಲ್ಲಿ, ಮಾತೂ ಇಲ್ಲಿಯದೇ. ದೋಣಿಯ ಪಕ್ಕಕ್ಕೆ ಒಂದು ಕಬ್ಬಿಣದ ಕೋಲು ಬಿಗಿದು, ಅದರ ತುದಿಗೆ ಬೋಗುಣಿಯಷ್ಟು ದಪ್ಪನೆಯ ಕರಿಯ ವಸ್ತುವೊಂದನ್ನು ಸಿಕ್ಕಿಸಿ ನೀರಿಗೆ ಇಳಿಬಿಟ್ಟಿದ್ದಳು. ಅದು ಕೆಳಗೆ ಶಬ್ದ ಬಿಡುತ್ತದಂತೆ. ಆ ಶಬ್ದ ನೆಲ ಮುಟ್ಟಿ ತಿರುಗಿ ಬರುವಷ್ಟು ಹೊತ್ತನ್ನು ಲೆಕ್ಕ ಹಿಡಿದು ಯಂತ್ರ ಆಳ ಹೇಳುತ್ತದಂತೆ. ನಿಜಗುಣಪ್ಪ ಎಲ್ಲದಕ್ಕೂ ತಲೆಯಾಡಿಸಿದ. ಅವನ ಕಣ್ಣು ಯಂತ್ರದ ಮೇಲಿರಲಿಲ್ಲ. ದೋಣಿಯ ಹಿಂಬದಿಯಲ್ಲಿ ಒಬ್ಬ ಮುದುಕ ಕುಕ್ಕರಗಾಲಲ್ಲಿ ಕುಳಿತು ಬ್ಯಾಟರಿಯ ಮೇಲಂಟಿಸಿದ ಚೀಟಿಯ ಮೇಲೆ ಬೆರಳಾಡಿಸುತ್ತಿದ್ದ. ಧೂಳು ಒರೆಸುತ್ತಿದ್ದಾನೆ ಎಂದುಕೊಂಡ ನಿಜಗುಣಪ್ಪ. ಮುದುಕ ತಲೆ ಎತ್ತಿದ. ಹೆಗಲ ಮೇಲೆ ನೀಲಿ ಟವೆಲು, ಕೂದಲು ಪೂರಾ ಬೆಳ್ಳಗೆ, ಆದರೆ ಶಟ್ಟೆಪ್ಪನೇ, ಆಗಿನ ಅಳತೆಯಲ್ಲಿ ಹುಟ್ಟು ಹಾಕುತ್ತಿದ್ದವನು. "ಶರಣ್ರಿ ನಿಜಗುಣಪ್ಪಾರ" ಎಂದ. ಆಗೆಲ್ಲ 'ಸಾಹೇಬ್ರ' ಎನ್ನುತ್ತಿದ್ದ. ಹದಿಮೂರು ವರ್ಷದ ಮೇಲೆ ಅವನ ಬಾಯಿಯಿಂದ ತನ್ನ ಹೆಸರು ಕೇಳಿ ನಿಜಗುಣಪ್ಪನಿಗೆ ನಾಲ್ಕನೆಯ ಸಲ ಕಂಟಿಯ ಮರೆಗೆ ಹೋಗಬೇಕೆನಿಸಿತು. "ಗೊತ್ತೇನ್ರಿ ಸರ್ ನಿಮಗ? ಇಲ್ಲೇ ಮೀನ ಹಿಡೀತಾರ, ದೋಣಿ ಇವರ್ದ" ಎಂದಳು ಸಪ್ನಾ. ಶಟ್ಟೆಪ್ಪನನ್ನು ಅವಳು ಕಾಕಾ ಎನ್ನುತ್ತಿದ್ದಳು, ತನ್ನನ್ನು ಸರ್. ಇಷ್ಟು ಸಣ್ಣದೂ ಚುಚ್ಚುತ್ತದಲ್ಲ ಎಂದು ನಾಚಿಕೊಳ್ಳುತ್ತ ಅವನು ಹಲಗೆಯ ಎರಡೂ ಅಂಚು ಗಟ್ಟಿಯಾಗಿ ಹಿಡಿದು ಕುಳಿತ.

ನೀರೆಂದರೆ ಅವನಿಗೆ ಭಯ. ಈ ಮಾತನ್ನು ಯಾರಿಗೂ ಹೇಳಿಲ್ಲ, ಸುಂದರವ್ವನಿಗೂ. ರಾಮದುರ್ಗದ ಬೀಗರ ಮನೆಗೆ ಹೋಗುವಾಗ ಬಸ್ಸು ಹೊಳೆಯ ಸೇತುವೆ ಹತ್ತಿದರೆ ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಇರುತ್ತಾನೆ. ಅಂಥವನಿಗೆ ನೀರಿನ ಇಲಾಖೆಯಲ್ಲೇ ನೌಕರಿ ಸಿಕ್ಕಿತು, ಅದೂ ನೀರಿನ ನಟ್ಟನಡುವೆ. ಹೂಳು ಎಷ್ಟು ತುಂಬಿದೆ ಎಂದು ನೋಡಲು ಆಗ ಇದ್ದದ್ದು ಹಗ್ಗ ಮತ್ತು ಗುಂಡು. ಈ ದಂಡೆಗೊಂದು ಆ ದಂಡೆಗೊಂದು ನಂಬರು ಕೊರೆದ ಕಲ್ಲು. ಎರಡರ ನಡುವೆ ಕಣ್ಣಳತೆಯಲ್ಲಿ ದೋಣಿ ಹೋಗಬೇಕು. ಹತ್ತು ಹುಟ್ಟಿಗೊಮ್ಮೆ ನಿಂತು ಶಟ್ಟೆಪ್ಪ ಗುಂಡು ಬಿಡಬೇಕು. ಹಗ್ಗಕ್ಕೆ ಮೀಟರಿಗೊಂದರಂತೆ ಅರಿವೆಯ ಚೂರು ಕಟ್ಟಿರುತ್ತಿತ್ತು. ಗುಂಡು ನೆಲ ಮುಟ್ಟಿದ್ದನ್ನು ಅವನು ಬೆರಳ ತುದಿಯಲ್ಲಿ ತಿಳಿದು, ಅರಿವೆ ಎಣಿಸಿ ಕೂಗುತ್ತಿದ್ದ. ನಿಜಗುಣಪ್ಪ ನೀರು ನೋಡದೆ, ಪುಸ್ತಕವನ್ನಷ್ಟೇ ನೋಡುತ್ತ ಬರೆದುಕೊಳ್ಳುತ್ತಿದ್ದ. ಒಬ್ಬನಿಗೆ ಅಕ್ಷರ ಬಾರದು, ಒಬ್ಬನಿಗೆ ಈಜು ಬಾರದು, ಇಬ್ಬರೂ ಸೇರಿ ಒಂದು ಕೆಲಸ ಸಾಗಿಸುತ್ತಿದ್ದರು.

ಸಪ್ನಾ ಹೊರಡುವ ಮುಂಚೆ ಒಂದು ಕಬ್ಬಿಣದ ತಟ್ಟೆಯನ್ನು ಸರಪಳಿಗೆ ಕಟ್ಟಿ ಯಂತ್ರದ ಕೆಳಗೆ ಸರಿಯಾಗಿ ಐದು ಮೀಟರಿಗೆ ಇಳಿಸಿದಳು. ಯಂತ್ರ ಐದು ಎಂದಿತು. ಹತ್ತಕ್ಕೆ ಇಳಿಸಿದಳು. ಹತ್ತೂ ಚಿಲ್ಲರೆ ಎಂದಿತು. ಏನನ್ನೋ ಒತ್ತಿ ಸರಿಪಡಿಸಿ ಮತ್ತೆ ಇಳಿಸಿದಳು, ಆಗ ಹತ್ತು ಎಂದಿತು. "ಕೆಲಸಕ್ಕ ಹಚ್ಚೂಕಿಂತ ಮೊದ್ಲ ದಿನಾ ಇದರ ಕಡೆ ಆಣಿ ಮಾಡಸ್ತೇನ್ರಿ ಸರ್. ಸುಳ್ಳ ಹೇಳಿದ್ರ ಇಲ್ಲೇ ಸಿಕ್ಕ ಬೀಳತೈತಿ" ಎಂದು ನಕ್ಕಳು. ಶಟ್ಟೆಪ್ಪನೂ ನಕ್ಕ. ನಿಜಗುಣಪ್ಪ ನಗಲು ಹೋದ. ಒಣಗಿದ ತುಟಿ ಹಲ್ಲಿಗೆ ಅಂಟಿಕೊಂಡಿತು.

ಒಂದೊಂದಾಗಿ ಎಂಟನೇ ಸಾಲು ಮುಗಿಯಿತು, ಒಂಬತ್ತೂ ಹತ್ತೂ ಮುಗಿದವು. ಬಿಸಿಲಿಗೆ ಲ್ಯಾಪ್‌ಟಾಪಿನ ಪರದೆ ಕಾಣುವುದಿಲ್ಲವೆಂದು ಹುಡುಗಿ ತಲೆಯ ಮೇಲಿಂದ ಒಂದು ಕರಿಯ ಬಟ್ಟೆ ಹೊದ್ದುಕೊಂಡು, ಹಳೆಯ ಕಾಲದ ಫೋಟೋದವರ ಹಾಗೆ ಅದರೊಳಗೆ ಕುಳಿತು ಮಾತಾಡುತ್ತಿದ್ದಳು. ಹೋದ ವರ್ಷ ಕಾರವಾರದ ಆಚೆ ಹಡಗಿನಲ್ಲಿ ನಲವತ್ತು ದಿನ ಇದ್ದಳಂತೆ. ಅಲ್ಲಿಯ ಯಂತ್ರ ಒಂದೇ ಸಲಕ್ಕೆ ನೂರಾರು ಶಬ್ದಗಳನ್ನು ಬೀಸಣಿಗೆಯ ಹಾಗೆ ಹರಡಿ ಬಿಡುತ್ತದಂತೆ. ಸಮುದ್ರದ ತಳದ ಗುಡ್ಡ, ಕಣಿವೆ, ಮುಳುಗಿದ ದೋಣಿ, ಲಂಗರು ಎಳೆದ ಗೆರೆ ಕೂಡ ಬಣ್ಣ ಬಣ್ಣವಾಗಿ ಮೂಡುತ್ತವಂತೆ. "ಚಂದ್ರನ ಮ್ಯಾಲಿನ ನಕಾಶಿ ಇದ್ದಷ್ಟು ಚಂದ ಸಮುದ್ರದ ತಳದ್ದ ಇಲ್ರಿ ಕಾಕಾ. ಇನ್ನ ಅಳಿಯೂದು ರಗಡ ಐತಿ. ಆದ್ರ ಒಂದ ದಿನ ಎಲ್ಲಾ ಕಾಣತೈತಿ ನೋಡ್ರಿ." ಎಲ್ಲಾ ಕಾಣುತ್ತದೆ. ನೀರಿನ ಒಂದು ಗುಣವೆಂದರೆ ಅದು ಮುಚ್ಚಿಕೊಳ್ಳುತ್ತದೆ, ಕಲ್ಲು ಹಾಕಿದ ಮೇಲೂ ಏನೂ ಆಗದ ಹಾಗೆ ಮುಚ್ಚಿಕೊಳ್ಳುತ್ತದೆ ಎಂದು ನಂಬಿ ನಿಜಗುಣಪ್ಪ ಹದಿಮೂರು ವರ್ಷ ಹೇಗೋ ನಿದ್ದೆ ಮಾಡಿದ್ದ. ಹುಡುಗಿಯ ಕಾಲ ಬಳಿ ರಟ್ಟು ಕಟ್ಟಿದ ತೊಂಬತ್ತೊಂದರ ವರದಿ ಬಿದ್ದಿತ್ತು. ಅದರ ಕೊನೆಯ ಪುಟದಲ್ಲಿ ತನ್ನ ಸಹಿ ಇರುವುದು ಅವನಿಗೆ ತೆರೆಯದೆಯೇ ಕಾಣುತ್ತಿತ್ತು.

ಹನ್ನೊಂದನೇ ಸಾಲು ಮುಳುಗಿದ ಊರಿನ ಮೇಲೆ ಹಾಯುತ್ತದೆ. ಹಳೇ ಮಾವಿನಕೊಳ್ಳ. ಶಟ್ಟೆಪ್ಪನದು ಅದೇ ಊರು, ಊರ ಹೊರಗಿನ ಕೇರಿ. ಹದಿಮೂರು ವರ್ಷದ ಹಿಂದಿನ ಆ ದಿನವೂ ಇಂಥದೇ ಬಿಸಿಲು, ನೀರಿನ ಮಟ್ಟವೂ ಇಷ್ಟೇ. ಹದಿನೇಳು, ಎಂದು ಕೂಗಿದ್ದ ಶಟ್ಟೆಪ್ಪ. ಹದಿನೇಳು. ಮತ್ತೆ ಹದಿನೇಳು. ಆಮೇಲೆ ಗುಂಡು ಬಿಟ್ಟವನು ಕೂಗಲೇ ಇಲ್ಲ. ಹಗ್ಗ ಹೋಗುತ್ತಲೇ ಇತ್ತು, ಅರಿವೆಯ ಚೂರುಗಳು ಒಂದರ ಹಿಂದೊಂದು ದೋಣಿಯ ಅಂಚು ದಾಟಿ ನೀರಿಗಿಳಿಯುತ್ತಿದ್ದವು. "ಇಪ್ಪತ್ತಾರು!" ಎಂದು ಶಟ್ಟೆಪ್ಪ ಒಮ್ಮೆಲೇ ಎದ್ದು ನಿಂತ. "ಗೌಡ್ರ ಬಾವಿ ಇದು, ಸಾಹೇಬ್ರ! ನಮ್ಮವ್ವ ದಂಡಿ ಮ್ಯಾಲ ಕೊಡಾ ಇಟಗೊಂಡ, ಯಾರರ ನೀರ ಹಾಕ್ಯಾರೇನಂತ ನಿಂತಿರತಿದ್ಲರಿ. ನಮ್ಮ ಕೊಡಾ ಇದರಾಗ ಒಮ್ಮಿನೂ ಇಳೀಲಿಲ್ಲ. ಇವತ್ತ ನನ್ನ ಗುಂಡ ಇಳೀತ ನೋಡ್ರಿ!" ಅವನು ನಿಂತದ್ದಕ್ಕೆ ದೋಣಿ ವಾಲಿತು. ಅಷ್ಟೇ. ಆದರೆ ನಿಜಗುಣಪ್ಪನಿಗೆ ದೋಣಿಯ ಕೆಳಗಿನ ನೀರಿಗೆ ಇದ್ದ ನೆಲವೂ ಹೋಯಿತು, ತಾನೀಗ ಬಾವಿಯೊಳಗಿನ ಬಾವಿಯ ಮೇಲೆ ಒಂದು ಹಲಗೆಯ ಮೇಲಿದ್ದೇನೆ ಎನಿಸಿ, ಕಿರುಚಿದ. ಏನೆಂದು ಕಿರುಚಿದನೋ ನೆನಪಿಲ್ಲ. ನಲವತ್ತನಾಲ್ಕು ವರ್ಷದ ಗಂಡಸು, ಸರಕಾರಿ ನೌಕರ. ತೊಡೆಯ ಮೇಲೆ ಬೆಚ್ಚಗೆ ಹರಿದದ್ದು ಮಾತ್ರ ನೆನಪಿದೆ. ಶಟ್ಟೆಪ್ಪ ಮೆಲ್ಲಗೆ ಕುಳಿತ. ನಗಲಿಲ್ಲ. ಹೆಗಲ ಮೇಲಿನ ಟವೆಲು ತೆಗೆದು ಕೊಟ್ಟು, ಅತ್ತ ಮುಖ ಮಾಡಿ ದಂಡೆಗೆ ಹುಟ್ಟು ಹಾಕಿದ. ನಿಜಗುಣಪ್ಪ ಆ ಟವೆಲನ್ನೇ ಸೊಂಟಕ್ಕೆ ಸುತ್ತಿಕೊಂಡು ಮನೆಗೆ ಹೋದ. "ಯಾರ ಟವೆಲರಿ ಇದು?" ಎಂದು ಸುಂದರವ್ವ ಕೇಳಿದಳು. ಮರುದಿನ ಅದನ್ನು ಕಾಲುವೆಗೆ ಎಸೆದ. ಉಳಿದ ಸಾಲನ್ನು ಮನೆಯ ಕಟ್ಟೆಯ ಮೇಲೆ ಕುಳಿತು ಹದಿನೇಳು, ಹದಿನಾರು, ಹದಿನೈದು ಎಂದು ತುಂಬಿದ.

ನಕ್ಕಿದ್ದರೆ ಮರೆಯಬಹುದಿತ್ತು. ಶಟ್ಟೆಪ್ಪ ನಗಲಿಲ್ಲವಲ್ಲ, ಅದೇ ಅವನನ್ನು ಸುಟ್ಟಿತು. ದಿನಾ ಅವನ ಎದುರು ದೋಣಿಯಲ್ಲಿ ಕೂರುವುದು, ಅವನಿಗೆ ಗೊತ್ತಿದೆ ಎಂದು ತನಗೆ ಗೊತ್ತಿರುವುದು. ತಿಂಗಳೊಪ್ಪತ್ತಿನ ಮೇಲೆ ಆಗಿನ ಸಾಹೇಬರು ಪುಸ್ತಕ ತಿರುವಿ, ಹನ್ನೊಂದನೇ ಸಾಲಿನ ಮೇಲೆ ಬೆರಳಿಟ್ಟು, "ಹದಿನೇಳರ ನಡುವ ಇದೇನಿದು ಇಪ್ಪತ್ತಾರು?" ಎಂದರು. ಬಾವಿ ಎಂದರೆ ಮುಗಿಯುತ್ತಿತ್ತು. ಹಾಗಾದರೆ ನಡಿ, ನೋಡೋಣ ಎಂದರೆ? ಮತ್ತೆ ಅಲ್ಲಿಗೆ, ಮತ್ತೆ ಆ ಬಾವಿಯ ಮೇಲೆ? ಹಾಗೆ ಹೋದರೆ ಉಳಿದ ಅಂಕಿಗಳೂ ಬಯಲಾಗುತ್ತವೆ. ನಿಜಗುಣಪ್ಪನ ಬಾಯಿ ಅವನನ್ನು ಕೇಳದೆಯೇ, "ದೋಣಿಯಾಂವ ಕೂಗಿದ್ದ ಬರಕೊಂಡೇನ್ರಿ ಸಾಹೇಬ್ರ. ಅಂವಾ ಒಂದೀಟು ಕುಡೀತಾನ" ಎಂದಿತು. ಶಟ್ಟೆಪ್ಪ ಹೆಂಡ ಮುಟ್ಟಿದವನಲ್ಲ. ಸಾಹೇಬರು ಕೆಂಪು ಶಾಯಿಯಲ್ಲಿ ಇಪ್ಪತ್ತಾರನ್ನು ಹೊಡೆದು ಹದಿನೇಳು ಮಾಡಿದರು. ಇಡೀ ಸಾಲಿನ ಕೊನೆಯರ್ಧದಲ್ಲಿ ನಿಜವಾದದ್ದು ಆ ಇಪ್ಪತ್ತಾರು ಒಂದೇ. ಮುಂದಿನ ತಿಂಗಳ ಹಾಜರಿಯಲ್ಲಿ ಶಟ್ಟೆಪ್ಪನ ಹೆಸರಿರಲಿಲ್ಲ. ಅವನ ಜೊತೆಗೆ ದಿನಗೂಲಿಯಲ್ಲಿದ್ದವರೆಲ್ಲ ಮರುವರ್ಷ ಕಾಯಂ ಆದರು. ಹಗ್ಗ ಒಪ್ಪಿಸಲು ಬಂದ ದಿನ ಅವನು ಕಚೇರಿಯ ಮೆಟ್ಟಿಲ ಕೆಳಗೇ ನಿಂತಿದ್ದ. ಹಗ್ಗವನ್ನು ಒಣಗಿಸಿ, ಸುತ್ತಿ, ಹರಿದ ಅರಿವೆಗಳನ್ನೆಲ್ಲ ಹೊಸದಾಗಿ ಕಟ್ಟಿ ತಂದಿದ್ದ. "ಎಣಸ್ಕೊಳ್ರಿ ಸಾಹೇಬ್ರ. ಇಪ್ಪತ್ತಾರನೇದ್ದ ಗಟ್ಟಿಯಾಗಿ ಕಟ್ಟೇನಿ" ಎಂದ. ನಿಜಗುಣಪ್ಪ ಎಣಿಸಿದ.

"ಹನ್ನೊಂದು ಸುರು" ಎಂದಳು ಸಪ್ನಾ ಬಟ್ಟೆಯೊಳಗಿಂದ. ಶಟ್ಟೆಪ್ಪ ಎಂಜಿನ್ನಿನ ಹಿಡಿಯನ್ನು ಸಣ್ಣಗೆ ತಿರುಗಿಸಿದ. ಯಂತ್ರದ ಪೆಟ್ಟಿಗೆಯ ಮೇಲೆ ಕೆಂಪು ಅಂಕಿಗಳು ನಿಜಗುಣಪ್ಪನ ಕಣ್ಣೆದುರೇ ಬದಲಾಗುತ್ತಿದ್ದವು. ಹದಿನಾರು ಪಾಯಿಂಟ್ ಎರಡು. ಹದಿನಾರು ಪಾಯಿಂಟ್ ಒಂದು. ಹೂಳು ಸುಮಾರು ಒಂದು ಮೀಟರು ಏರಿದೆ, ಸರಿ. ಹೂಳು ಬಾವಿಯನ್ನೂ ತುಂಬಿರಬಹುದಲ್ಲ! ಇಷ್ಟು ಹೊತ್ತು ಇದು ಹೊಳೆದೇ ಇರಲಿಲ್ಲ. ಹದಿಮೂರು ಮಳೆಗಾಲದ ಮಣ್ಣು, ತುಂಬದೆ ಇರುತ್ತದೆಯೇ? ಹದಿನಾರು. ಹದಿನಾರು. ದೋಣಿ ಸಾಲಿನ ನಡು ದಾಟಿತು. ಹದಿನೈದು ಪಾಯಿಂಟ್ ಒಂಬತ್ತು. ಅವನ ಕೈ ತಾನಾಗಿಯೇ ಹಲಗೆಯಿಂದ ಸಡಿಲಾಯಿತು. ಇವತ್ತು ಮನೆಗೆ ಹೋಗಿ ಎರಡು ಕಪ್ಪು ಚಹಾ ಕುಡಿಯಬೇಕು, ಬೆಲ್ಲ ಹಾಕಿದ್ದು. ಮೊದಲ ಸಲ ಅವನು ತಲೆ ಎತ್ತಿ ನೀರನ್ನು ನೋಡಿದ. ಬಿಸಿಲು ಬಿದ್ದು ಚೆನ್ನಾಗಿಯೇ ಇತ್ತು.

"ಬಾಯಾರ," ಎಂದು ಶಟ್ಟೆಪ್ಪ ಹುಡುಗಿಯನ್ನು ಕರೆದ. "ಒಂದ್ಸಲ ಹಿಂದಕ್ಕ ತಿರುಗಸ್ಲೇನ್ರಿ? ಎಡಕ್ಕ ಎರಡ ಮಾರು. ಆ ದಂಡಿ ಮ್ಯಾಲಿನ ಜೋಡಿ ಬೇವು ಒಂದಕ್ಕೊಂದ ಮರಿ ಆಗತಾವಲ್ರಿ, ಅಲ್ಲಿ."

"ಸಾಲ ಬಿಟ್ಟ ಯಾಕ ಕಾಕಾ?"

"ಒಂದ್ಸಲ ನೋಡ್ರಿ."

"ಬ್ಯಾಡ" ಎಂದ ನಿಜಗುಣಪ್ಪ. ದನಿ ಅವನಿಗೇ ಜೋರೆನಿಸಿತು. "ಸಾಲಿನ ಮ್ಯಾಗ ಹೋಗ್ಬೇಕಂತ ಆರ್ಡರ್ ಐತಿ." ಸಪ್ನಾ ಬಟ್ಟೆ ಸರಿಸಿ ಅವನನ್ನು ಅಚ್ಚರಿಯಿಂದ ನೋಡಿ, "ಎರಡ ಮಾರಲ್ರಿ ಸರ್, ಎರಡ ನಿಮಿಷ" ಎಂದಳು. ದೋಣಿ ತಿರುಗಿತು. ಎರಡು ಬೇವಿನ ಮರಗಳು ನಿಧಾನವಾಗಿ ಹತ್ತಿರ ಬಂದು ಒಂದಾದವು. ಹದಿನಾರು. ಹದಿನಾರು. ಇಪ್ಪತ್ತಮೂರು ಪಾಯಿಂಟ್ ನಾಲ್ಕು.

"ಅಯ್ಯ!" ಹುಡುಗಿ ಚಪ್ಪಾಳೆ ತಟ್ಟಿದಳು. "ಏನ್ರಿ ಇದು, ಕುಣಿ?"

"ಬಾವಿರಿ. ಆಗ ಅಳದದ್ದೂ ಇಲ್ಲೇ. ಮೂರು ಮೀಟರ ತುಂಬೇತಿ" ಎಂದ ಶಟ್ಟೆಪ್ಪ.

ಅವಳು ರಟ್ಟಿನ ವರದಿ ತೆರೆದು ಬೆರಳಾಡಿಸಿದಳು. "ಇಲ್ಲಿ ಹದಿನೇಳು ಅಂತೈತಿ. ಬಾವಿ ಸುದ್ದಿನ ಇಲ್ಲ. ಸರ್, ನೀವ ಇದ್ರೆಲ್ಲ ಆವಾಗ? ಹಗ್ಗ ಯಾರ ಹಿಡದಿದ್ರು?"

ನಿಜಗುಣಪ್ಪ ಯಂತ್ರದ ಅಂಕಿಗಳನ್ನು ನೋಡುತ್ತಿದ್ದ. "ನಾನರಿ" ಎಂದ ಶಟ್ಟೆಪ್ಪ. ಸಪ್ನಾ ನಕ್ಕುಬಿಟ್ಟಳು. "ಹಂಗಾರ ನಿಮ್ಮೂರ ಬಾವಿ ನಿಮಗ ತಪ್ಪೇತಲ್ಲ ಕಾಕಾ!" ಕೆಡುಕಿನ ನಗೆಯಲ್ಲ ಅದು, ಮನೆಯ ಹುಡುಗಿ ಅಜ್ಜನನ್ನು ಛೇಡಿಸುವ ನಗೆ. ಶಟ್ಟೆಪ್ಪ ನಿಜಗುಣಪ್ಪನ ಮುಖವನ್ನೇ ನೋಡುತ್ತ ಕುಳಿತ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಗುಂಡು ಬಿಟ್ಟು, ಅದು ನೆಲ ಮುಟ್ಟುವವರೆಗೆ ಕಾಯುತ್ತಿದ್ದಾಗ ಅವನ ಮುಖ ಹೀಗೇ ಇರುತ್ತಿತ್ತು. ಸಪ್ನಾ ದಿನದ ಪುಸ್ತಕವನ್ನು ನಿಜಗುಣಪ್ಪನ ತೊಡೆಯ ಮೇಲಿಟ್ಟು, "ಷರಾದಾಗ ಒಂದ ಸಾಲ ಬರೀರಿ ಸರ್. ಹಳೇ ಅಳತಿ ಯಾಕ ತಪ್ಪೇತಂತ ಬರದ ಸಹಿ ಮಾಡ್ರಿ. ಇಲಾಖೆ ಕಡಿಂದ ನೀವ ಬರೀಬೇಕ" ಎಂದು ಮತ್ತೆ ಕರಿಯ ಬಟ್ಟೆಯೊಳಗೆ ಹೋದಳು.

ಎಂಜಿನ್ನು ನಿಂತಿತ್ತು. ದೋಣಿ ಬಾವಿಯ ಮೇಲೆ ಸುಮ್ಮನೆ ತೇಲುತ್ತಿತ್ತು. ಬರೆದರೆ ಎರಡೇ ಮಾತು: ಅವನು ಸರಿಯಾಗಿ ಕೂಗಿದ್ದ. ಐದು ತಿಂಗಳು ಉಳಿದಿದೆ. ಕೊನೆಯ ದಿನ ಕಚೇರಿಯಲ್ಲಿ ಶಾಲು ಹೊದಿಸುತ್ತಾರೆ, ಹೆಡ್ ಕ್ಲಾರ್ಕು ಭಾಷಣ ಮಾಡುತ್ತಾನೆ, ಸುಂದರವ್ವ ಹೊಸ ಇಳಕಲ್ಲು ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂರುತ್ತಾಳೆ. ಬರೆದರೆ ಇಪ್ಪತ್ತಾರನ್ನು ಯಾಕೆ ಹೊಡೆದು ಹಾಕಿದಿರಿ ಎಂದು ಕೇಳುತ್ತಾರೆ. ಉಳಿದ ಅಂಕಿಗಳನ್ನು ಕೇಳುತ್ತಾರೆ. ಆ ದಿನ ಅರ್ಧ ಸಾಲಿಗೇ ಯಾಕೆ ತಿರುಗಿದಿರಿ ಎಂದು ಕೇಳುತ್ತಾರೆ. ಅದನ್ನು ಅವನು ಯಾರಿಗೆ ಹೇಗೆ ಹೇಳಬೇಕು? ಈ ಮುದುಕನಿಗೆ ಹೋದ ನೌಕರಿ ಹೇಗೂ ಹೋಗಿದೆ, ಕಾಗದದ ಮೇಲೆ ಏನಿದ್ದರೂ ಅವನಿಗೇನು ತಿಳಿಯುತ್ತದೆ? ಹೀಗೆ ಯೋಚಿಸಿದ್ದಕ್ಕೆ ಅವನಿಗೆ ತನ್ನ ಮೇಲೆ ಅಸಹ್ಯವಾಯಿತು. ಅಸಹ್ಯಪಡುತ್ತಲೇ ಪೆನ್ನು ಓಡಿತು. ಸಹಿ ಮಾಡಿದ.

"ಏನಂತ ಬರದ್ರಿ?" ಎಂದ ಶಟ್ಟೆಪ್ಪ. ಮೆಲ್ಲಗೆ, ಹುಡುಗಿಗೆ ಕೇಳದಷ್ಟು.

ನಿಜಗುಣಪ್ಪನಿಗೆ ಒಂದು ದಾರಿ ಕಂಡಿತು. ಎಷ್ಟು ಸುಲಭದ ದಾರಿ! ಪುಸ್ತಕ ಎತ್ತಿ ಹಿಡಿದು, ಓದುವವನ ಹಾಗೆ ಕಣ್ಣಾಡಿಸುತ್ತ ತಗ್ಗಿದ ದನಿಯಲ್ಲಿ ಹೇಳಿದ: "ಆಗ ದೋಣಿಯವನು ಇಪ್ಪತ್ತಾರು ಎಂದು ಸರಿಯಾಗಿಯೇ ಹೇಳಿದ್ದನು." ಹದಿಮೂರು ವರ್ಷ ಬಾಯಿಗೆ ಬಾರದ ಮಾತು ಬಂತಲ್ಲ ಎಂದು ಕಣ್ಣು ನಿಜವಾಗಿಯೂ ತೇವವಾಯಿತು. ಶಟ್ಟೆಪ್ಪನ ಮುಖ ಅರಳಿತು. ಹೌದು, ಅರಳಿತು, ಅದನ್ನು ನಿಜಗುಣಪ್ಪ ಕಣ್ಣಾರೆ ಕಂಡ. "ಇತ್ತ ಕೊಡ್ರಿ, ನೋಡ್ತೇನಿ" ಎಂದು ಮುದುಕ ಕೈ ಚಾಚಿದ. ಅಕ್ಷರ ಮುಟ್ಟಿ ನೋಡುವ ಆಸೆ ಇರಬಹುದು ಎಂದು ನಿಜಗುಣಪ್ಪ ಕೊಟ್ಟ.

ಶಟ್ಟೆಪ್ಪ ಪುಸ್ತಕವನ್ನು ಬಿಸಿಲಿಗೆ ಹಿಡಿದು, ಸಾಲಿನ ಕೆಳಗೆ ತೋರುಬೆರಳಿಟ್ಟ. ಬ್ಯಾಟರಿಯ ಚೀಟಿಯ ಮೇಲೆ ಹರಿದಾಡಿದ್ದ ಹಾಗೆಯೇ ಬೆರಳು ಸರಿಯತೊಡಗಿತು. "ದೋ... ಣಿ... ಯ... ವ... ನು," ಎಂದ. ಒಂದು ಉಸಿರು ತೆಗೆದುಕೊಂಡ. "ತ... ಪ್ಪು. ಹೇ... ಳಿ... ದ್ದ... ರಿಂ... ದ." ಬೆರಳು ಸಹಿಯವರೆಗೆ ಹೋಗಿ ನಿಂತಿತು. ಮುಖ ಮೊದಲಿನ ಹಾಗಾಗಿತ್ತು. "ಹೆಸರ ತಗದ ಮ್ಯಾಲ ಕೆಲಸ ಇರ್ಲಿಲ್ರಿ," ಎಂದ. "ಸಂಜೀಕ ಸಾಲ್ಯಾಗ ಅಕ್ಷರ ಕಲಸಾಕ ಬರ್ತಿದ್ರು. ಕೇರಿ ಮುದುಕ್ರೆಲ್ಲಾ ಹೊಂಟಿದ್ರು. ನಾನೂ ಹೋಗಿ ಕುಂತೆ." ಆಮೇಲೆ, "ಪೆನ್ನ ಕೊಡ್ರಿ" ಎಂದ.

ನಿಜಗುಣಪ್ಪ ಪೆನ್ನು ಕೊಟ್ಟ. ಯಾಕೆ ಕೊಟ್ಟೆ ಎಂದು ಆಮೇಲೆ ಎಷ್ಟು ಯೋಚಿಸಿದರೂ ತಿಳಿಯಲಿಲ್ಲ; ಪೆನ್ನು ಕೇಳಿದರೆ ಕೊಡುವುದು ಕಚೇರಿಯವನ ಕೈಗೆ ರೂಢಿ. ಶಟ್ಟೆಪ್ಪ ಸಹಿಯ ಕೆಳಗೆ, ಒಂದೊಂದು ಅಕ್ಷರವನ್ನೂ ನಾಲಿಗೆ ಕಚ್ಚಿಕೊಂಡು ದೊಡ್ಡದಾಗಿ ಬರೆದ. ಇಪ್ಪತ್ತಾರು ಅಂದಿದ್ದೆ. ಶಟ್ಟೆಪ್ಪ. ಒಂದು ಒತ್ತು ತಪ್ಪಿತ್ತು, ನೋಡಿ ತಿದ್ದಿದ. ಪೆನ್ನಿನ ಮುಚ್ಚಳ ಹಾಕಿ ನಿಜಗುಣಪ್ಪನ ಕೈಗೇ ವಾಪಸ್ಸು ಕೊಟ್ಟು, ಪುಸ್ತಕವನ್ನು ಮಾತ್ರ ಕರಿಯ ಬಟ್ಟೆಯ ಅಂಚಿನ ಕೆಳಗೆ ಸರಿಸಿದ. "ತಗೋರಿ ಬಾಯಾರ. ಬರದಾತು."

"ಹಾಂ ಕಾಕಾ, ನೋಡ್ತೇನಿ. ಹನ್ನೆರಡನೇದಕ್ಕ ಹೊಡೀರಿ" ಎಂದಿತು ಒಳಗಿನ ದನಿ.

ಎಂಜಿನ್ನು ಶುರುವಾಯಿತು. ದಂಡೆ ಎರಡೂ ಕಡೆ ಅಷ್ಟೇ ದೂರವಿತ್ತು. ಪೆಟ್ಟಿಗೆಯ ಮೇಲೆ ಇಪ್ಪತ್ತಮೂರು ಹೋಗಿ ಹದಿನಾರು ಬಂತು, ಹದಿನಾರು ಪಾಯಿಂಟ್ ಒಂದು ಬಂತು. ಬಟ್ಟೆಯೊಳಗೆ ಹಾಳೆ ಸರಿದ ಸಪ್ಪಳವಾಯಿತು, ಮತ್ತೆ ಏನೂ ಇಲ್ಲ. ಬಟ್ಟೆ ಅಲುಗಾಡುವುದು ನಿಂತಿತ್ತು. ನಿಜಗುಣಪ್ಪ ಆ ಕರಿಯ ಬಟ್ಟೆಯ ಮೇಲಿಂದ ಕಣ್ಣು ತೆಗೆಯದೆ, ತೊಡೆ ಎರಡನ್ನೂ ಬಿಗಿದುಕೊಂಡು ಕುಳಿತ. ಶಟ್ಟೆಪ್ಪ ಮುಂದಿನ ಕಲ್ಲನ್ನು ನೋಡುತ್ತಿದ್ದ. ಟವೆಲು ಅವನ ಹೆಗಲ ಮೇಲೇ ಇತ್ತು. ಬೆಳಗ್ಗೆ ಮೂರು ಸಲ ಹೋಗಿ ಬಂದದ್ದು ಸಾಲಲಿಲ್ಲ.